ಎರಡು ಬಣ್ಣದ ಕೈಗವಸು

ಉಣ್ಣೆಯ ನೂಲಿನಿಂದ ಬಟ್ಟೆ ಮಾಡುವ ಕ್ರಮಗಳು ಮುಖ್ಯವಾಗಿ ಎರಡು: ನೇಯ್ಗೆ ಮತ್ತು ಹೆಣಿಗೆ. ಮೊದಲನೆಯದು ನಮ್ಮ ನಾಡಿಗೆ ಹಳೆಯ ಪರಿಚಯ. ದಾವಣಗೆರೆ, ಚಿತ್ರದುರ್ಗಗಳ ಸೀಮೆಯಲ್ಲಿ ಕುರುಬರು ದಖ್ಖನಿ ಕುರಿಯ ಉಣ್ಣೆಯನ್ನು ನೂತು, ಹಾಸಿಗೆ ಹುಣಸೆಬೀಜದ ಗಂಜಿ ಕೊಟ್ಟು, ಕಂಬಳಿ ನೇಯುತ್ತ ಬಂದಿದ್ದಾರೆ. ಕಂಬಳಿಯಲ್ಲಿ ಹಾಸುಹೊಕ್ಕುಗಳು ಬಹುಮಟ್ಟಿಗೆ ನೇರವಾಗಿ ಚಾಚಿಕೊಂಡಿರುತ್ತವೆ. ಆದುದರಿಂದ ಅದು ಹೆಚ್ಚು ಹಿಗ್ಗದು. ಹೆಣಿಗೆಯಲ್ಲಾದರೋ ಒಂದೇ ಎಳೆ ಕುಣಿಕೆ ಕುಣಿಕೆಯಾಗಿ ಬಾಗುತ್ತ ಸಾಗುತ್ತದೆ. ಎಳೆದಾಗ ಕುಣಿಕೆಯ ಆಕಾರ ಬದಲಾಗುತ್ತದೆ; ಬಿಟ್ಟಾಗ ಹಿಂದಿನ ಸ್ಥಿತಿಗೆ ಮರಳುತ್ತದೆ. ನೂಲು ತಾನು ಅಷ್ಟಾಗಿ ಹಿಗ್ಗದಿದ್ದರೂ ಬಟ್ಟೆ ಹಿಗ್ಗುವ ಗುಟ್ಟು ಇದೇ.

ಚಳಿನಾಡುಗಳ ಕೈಗವಸಿಗೆ ಈ ಗುಣ ಅತ್ಯಗತ್ಯ. ನಾಲ್ಕು ಬೆರಳುಗಳಿಗೆ ಒಂದೇ ಕೋಣೆ, ಹೆಬ್ಬೆರಳಿಗೆ ಬೇರೊಂದು: ಇದು ಅದರ ರಚನೆ. ಬೆರಳುಗಳು ಒಟ್ಟಿಗಿದ್ದರೆ ಶಾಖವನ್ನು ಹೊರಚೆಲ್ಲುವ ಮೇಲ್ಮೈ ಕಡಮೆಯಾಗುತ್ತದೆ. ನಾರ್ವೆಯ ಸೆಲ್ಬು ಎಂಬ ಊರು ಎರಡು ಬಣ್ಣದ ಕೈಗವಸುಗಳಿಗೆ ಪ್ರಸಿದ್ಧವಾಗಿದೆ. 1857ರಲ್ಲಿ ಮಾರಿಟ್ ಎಮ್‌ಸ್ಟಾಡ್ ಎಂಬ ತರುಣಿ ಎಂಟು ದಳದ ಹೂವಿನ ಚಿತ್ತಾರವನ್ನು ಹೆಣೆದಳೆಂದೂ ಅಲ್ಲಿಂದ ಈ ಕಲೆ ಊರಿಗೆಲ್ಲ ಹಬ್ಬಿತೆಂದೂ ಅಲ್ಲಿನ ಪ್ರತೀತಿ. ಕಪ್ಪು ಬಿಳುಪುಗಳೇ ಅವುಗಳ ರೂಢಿಯ ಬಣ್ಣಗಳು. ನಮ್ಮ ಕಂಬಳಿಯ ಬಣ್ಣಗಳೂ ಅವೇ ಅಲ್ಲವೆ?

ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣದಲ್ಲಿ ಕೈಗವಸಿಲ್ಲದೆ ಚಳಿಗಾಲ ಕಳೆಯುವುದು ಕಷ್ಟವಲ್ಲ. ಆದರೆ ಅಲ್ಲಿನ ಒಬ್ಬ ಗೃಹಿಣಿ, ಹಿಮ ಬೀಳುವ ದೇಶದಲ್ಲಿರುವ ಮಗಳಿಗಾಗಿ ಇಂಥ ಜೋಡಿಯೊಂದನ್ನು ಹೆಣೆಯಹೊರಟಿದ್ದಾಳೆಂದು ಭಾವಿಸೋಣ. ತೊಡಿಸಿ ನೋಡಲು ಮಗಳ ಕೈ ಎದುರಿಗಿಲ್ಲ. ಆಕೆಗಿರುವ ಆಧಾರ ಅಂಗೈಯ ಸುತ್ತಳತೆ ಒಂದೇ. ಗವಸು ಅದಕ್ಕೆ ಹೊಂದದಿದ್ದರೆ ವಾರಗಳ ದುಡಿಮೆಯೂ ಅಂಚೆಯ ವೆಚ್ಚವೂ ವ್ಯರ್ಥ.

ಗವಸಿನ ಸುತ್ತಳತೆ 20 ಸೆಂಟಿಮೀಟರು ಬೇಕೆನ್ನೋಣ. ಒಂದೇ ಬಣ್ಣದಲ್ಲಿ ಹೆಣೆದ ಮಾದರಿ ತುಂಡಿನಲ್ಲಿ 10 ಸೆಂಟಿಮೀಟರಿಗೆ 28 ಕುಣಿಕೆಗಳು ಬಂದುವು. ಆದ್ದರಿಂದ ಆಕೆ 56 ಕುಣಿಕೆಗಳನ್ನು ಹಾಕಿದಳು. ಹೆಣೆದು ಮುಗಿದ ಗವಸಿನೊಳಕ್ಕೆ ಕೈ ತೂರಲೊಲ್ಲದು! ಹೀಗೇಕಾಯಿತು?

ಎರಡು ಬಣ್ಣಗಳಲ್ಲಿ ಹೆಣೆಯುವಾಗ ಒಂದು ಬಣ್ಣದ ಎಳೆ ಕುಣಿಕೆಯಾದರೆ, ಮತ್ತೊಂದು ಅದರ ಬೆನ್ನ ಹಿಂದೆ ನೇರವಾಗಿ ಹಾಯುತ್ತದೆ. ಈ ಹಾಯುವ ಎಳೆಯಲ್ಲಿ ಬಾಗು ಇಲ್ಲ, ಬಾಗಿಲ್ಲದ್ದು ಹಿಗ್ಗದು. ಅದನ್ನು ಸ್ವಲ್ಪ ಬಿಗಿದರೂ ಮುಂದಿನ ಕುಣಿಕೆಗಳೆಲ್ಲ ಒಂದಕ್ಕೊಂದು ಒತ್ತಿ ನಿಲ್ಲುತ್ತವೆ. 10 ಸೆಂಟಿಮೀಟರಿನಲ್ಲಿ 28ರ ಬದಲು 32 ಕುಣಿಕೆಗಳು ಕೂಡಿದರೆ, 56 ಕುಣಿಕೆಗಳ ಸುತ್ತಳತೆ 17.5 ಸೆಂಟಿಮೀಟರು ಮಾತ್ರ. ಎರಡೂವರೆ ಸೆಂಟಿಮೀಟರು ಮಾಯವಾಗಿದೆ! ಆದುದರಿಂದ ಮಾದರಿ ತುಂಡನ್ನು ಎರಡು ಬಣ್ಣಗಳಲ್ಲಿಯೇ, ಗವಸಿನಂತೆ ಸುತ್ತಾಗಿಯೇ ಹೆಣೆದು ಅಳೆಯತಕ್ಕದ್ದು. ಆಗ ಬೇಕಾದ ಕುಣಿಕೆಗಳು 64 ಎಂದು ತಿಳಿಯುತ್ತದೆ. ಚಿತ್ತಾರವು 8 ಕುಣಿಕೆಗಳಿಗೊಮ್ಮೆ ಮರುಕಳಿಸುವುದಾದರೆ ಇದು ಸರಿಹೊಂದುತ್ತದೆ. 6ಕ್ಕೊಮ್ಮೆ ಮರುಕಳಿಸುವುದಾದರೆ 66 ಬೇಕು.

ಎರಡನೆಯ ತೊಡಕು ಬಿಗುಪಿನದು. ಕೊಳವೆಯಂಥ ಹೆಣಿಗೆಯಲ್ಲಿ ಹಾಯುವ ಎಳೆಗಳು ಒಳಗಿರುತ್ತವೆ. ಒಳಸುತ್ತು ಹೊರಸುತ್ತಿಗಿಂತ ಚಿಕ್ಕದು. ಎಳೆಯು ಅಡ್ಡದಾರಿ ಹಿಡಿದು ಗಿಡ್ಡವಾಗುತ್ತದೆ. ಕೊಳವೆಯನ್ನು ಒಳಮೈ ಹೊರಗಾಗುವಂತೆ ತಿರುವಿಕೊಂಡು ಹೆಣೆದರೆ ಹಾಯುವ ಎಳೆ ಹೊರಸುತ್ತನ್ನು ಬಳಸಬೇಕಾಗುತ್ತದೆ. ಎರಡು ಪದರಗಳ ನಡುವಣ ಅಂತರ 2 ಮಿಲಿಮೀಟರಾದರೆ, ಹೊರಸುತ್ತು 2π × 2, ಎಂದರೆ ಸುಮಾರು 12.5 ಮಿಲಿಮೀಟರಿನಷ್ಟು ಹೆಚ್ಚು. ಈ ಲೆಕ್ಕದಲ್ಲಿ ತ್ರಿಜ್ಯವೇ ಬರುವುದಿಲ್ಲ. ಮಗುವಿನ ಗವಸಾಗಲಿ ದೊಡ್ಡವರದಾಗಲಿ, ಲಾಭ ಒಂದೇ. ವಾಚಕರು ಎರಡು ವೃತ್ತಗಳ ಪರಿಧಿಗಳನ್ನು ಕಳೆದು ಇದನ್ನು ತಾವೇ ಪರೀಕ್ಷಿಸಬಹುದು.

ಹಾಗೆಂದು ಹಾಯುವ ಎಳೆಯನ್ನು ತೀರ ಸಡಿಲ ಬಿಟ್ಟರೆ ಅದರಲ್ಲಿ ಬೆರಳು ಸಿಕ್ಕಿಕೊಳ್ಳುತ್ತದೆ. ಉದ್ದವಾಗಿ ಹಾಯಬೇಕಾದೆಡೆ ನಡುನಡುವೆ ಅದನ್ನು ಇನ್ನೊಂದು ಎಳೆಗೆ ತೊಡರಿಸಬೇಕು. ಇಷ್ಟೆಲ್ಲ ತೊಂದರೆ ಕೊಡುವ ಈ ಎಳೆಯಿಂದ ಉಪಕಾರವೂ ಉಂಟು. ಅದು ಗವಸಿನೊಳಗೆ ಮತ್ತೊಂದು ಪದರವನ್ನು ನಿರ್ಮಿಸಿ ಗಾಳಿಯನ್ನು ಹಿಡಿದಿಡುತ್ತದೆ. ನಿಶ್ಚಲವಾದ ಗಾಳಿಯ ಉಷ್ಣವಾಹಕತೆ ನೀರಿನದರ ಇಪ್ಪತ್ತನೆಯ ಒಂದು ಭಾಗಕ್ಕೂ ಕಡಮೆ. ಕೈಯನ್ನು ಬೆಚ್ಚಗಿಡುವ ಕೆಲಸದಲ್ಲಿ ಉಣ್ಣೆಯಷ್ಟೇ ಪಾಲು ಅದು ಸೆರೆಹಿಡಿದ ಗಾಳಿಗೂ ಸಲ್ಲಬೇಕು.

ಇನ್ನು ಆ ಚಿಕ್ಕದಾದ ಗವಸಿನ ಗತಿ? ಕಂಬಳಿಯನ್ನು ಕತ್ತರಿಸಿದರೆ ಕೆಟ್ಟಿತು. ಹೆಣಿಗೆಯನ್ನು ಬಿಚ್ಚಿದರೆ ನೂಲು ನೂಲಾಗಿಯೇ ಮರಳಿ ಬರುತ್ತದೆ. ಬಿಚ್ಚಿದ ಉಣ್ಣೆ ಕುಣಿಕೆಯ ಸುಕ್ಕನ್ನು ಉಳಿಸಿಕೊಂಡಿರುತ್ತದೆ, ನಿಜ. ಅದನ್ನು ನೀರಿನಲ್ಲಿ ನೆನೆಸಿ ತೂಗುಹಾಕಬೇಕು. ಉಣ್ಣೆಯ ಅಣುಗಳನ್ನು ಬಾಗಿದ ಸ್ಥಿತಿಯಲ್ಲಿ ಹಿಡಿದಿದ್ದ ಹೈಡ್ರೊಜನ್ ಬಂಧಗಳು ನೀರಿನಿಂದ ಸಡಿಲಗೊಳ್ಳುತ್ತವೆ. ಒಣಗುವಾಗ ಹೊಸ ಸ್ಥಿತಿಯಲ್ಲಿ ಮತ್ತೆ ಕೂಡಿಕೊಳ್ಳುತ್ತವೆ. ನೂಲು ನೇರವಾಗುತ್ತದೆ.

ನಮ್ಮ ಗೃಹಿಣಿ ಕಳೆದುಕೊಂಡದ್ದು ಕಾಲವನ್ನು ಮಾತ್ರ. ಅದಕ್ಕೆ ಪ್ರತಿಯಾಗಿ ದೊರೆತದ್ದು 32 ಎಂಬ ಅಂಕೆ. ಕಣ್ಣಿಗೆ ಕಾಣದ, ಸಾವಿರಾರು ಮೈಲಿ ದೂರದ ಕೈಯೊಂದಕ್ಕೆ ಹೊಂದುವ ಗವಸನ್ನು ಬಸವಾಪಟ್ಟಣದಲ್ಲಿ ಕುಳಿತು ಹೆಣೆಯಲು ಆ ಅಂಕೆ ಸಾಕು.