ಡಿಸ್‌ಪ್ಲೇ ಬಾರದ ಹೊತ್ತಿನಲ್ಲಿ

ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿಯೆಂದೊಡನೆ ನಾಡಿನವರಿಗೆ ನೆನಪಾಗುವುದು ಮಹಾಲಕ್ಷ್ಮಿಯ ಸನ್ನಿಧಿ, ಶುಕ್ರವಾರಗಳ ಜನಸಂದಣಿ, ಸಮೀಪದ ತೀತಾ ಜಲಾಶಯ. ಆದರೆ ಈ ಸೀಮೆಯ ರೈತರೂ ವಿದ್ಯಾರ್ಥಿಗಳೂ ತಮ್ಮ ಲೌಕಿಕ ವ್ಯವಹಾರಕ್ಕಾಗಿ ಮತ್ತೆ ಮತ್ತೆ ಮೆಟ್ಟಿಲೇರುವ ಸ್ಥಾನ ಬೇರೊಂದುಂಟು: ಜೆರಾಕ್ಸ್ ಯಂತ್ರದ ಮಗ್ಗುಲಲ್ಲಿ ಹಳೆಯದೊಂದು ಕಂಪ್ಯೂಟರನ್ನಿರಿಸಿಕೊಂಡ, ರಸ್ತೆಬದಿಯ ಒಂದೇ ಬಾಗಿಲಿನ ಅಂಗಡಿ. ಭೂಮಿ ಯೋಜನೆಯಿಂದ ಪಹಣಿಗಳು ಗಣಕವನ್ನು ಸೇರಿದಂದಿನಿಂದ, ಜಾತಿ-ಆದಾಯ ಪ್ರಮಾಣಪತ್ರ, ವಿದ್ಯಾರ್ಥಿವೇತನದ ಅರ್ಜಿ, ಬೆಳೆವಿಮೆ ಇವೆಲ್ಲವೂ ಒಂದೊಂದಾಗಿ ಅದೇ ದಾರಿಯನ್ನು ಹಿಡಿದಿರುವುದರಿಂದ, ಮಧುಗಿರಿ, ಶಿರಾ, ಪಾವಗಡಗಳ ಹಳ್ಳಿಗಳಲ್ಲಿ ಇಂತಹ ಯಂತ್ರವೊಂದು ಒಂದು ದಿನ ಮೌನ ತಾಳಿತೆಂದರೆ ಹಲವರ ಕೆಲಸ ನಿಂತಿತೆಂದೇ ಅರ್ಥ.

ಆ ಮೌನಕ್ಕೆ ಅನೇಕ ವೇಳೆ ನಿಮಿತ್ತವಾಗುವುದು ಒಳ್ಳೆಯ ಉದ್ದೇಶದಿಂದಲೇ ಕೈಗೊಂಡ ಕಾರ್ಯ. ನಾಲ್ಕು ಗಿಗಾಬೈಟ್ ರ‍್ಯಾಮ್ ಉಳ್ಳ ಯಂತ್ರ ಇಂದಿನ ಬ್ರೌಸರಿನ ಭಾರಕ್ಕೆ ಕುಂಟತೊಡಗುತ್ತದೆ. ಹೊಸದನ್ನು ಕೊಳ್ಳುವ ಶಕ್ತಿಯಿಲ್ಲದ ಯಜಮಾನ ತುಮಕೂರಿನಿಂದಲೋ ಬೆಂಗಳೂರಿನ ಎಸ್.ಪಿ. ರಸ್ತೆಯಿಂದಲೋ ಇನ್ನೊಂದು ರ‍್ಯಾಮ್ ತಂದು ಕೂರಿಸುತ್ತಾನೆ. ಗುಂಡಿಯೊತ್ತಿದರೆ ಫ್ಯಾನು ತಿರುಗುತ್ತದೆ, ದೀಪ ಹತ್ತುತ್ತದೆ, ಡಿಸ್‌ಪ್ಲೇ ಮಾತ್ರ ಬರುವುದಿಲ್ಲ. "ಬೋರ್ಡೇ ಹೋಯಿತು" ಎಂಬ ತೀರ್ಪು ಆ ಕ್ಷಣದಲ್ಲಿ ಯಾರ ಬಾಯಿಂದಲಾದರೂ ಹೊರಡುವುದು ಸಹಜ. ಮತ್ತು ಬಹುಪಾಲು ಸಂದರ್ಭಗಳಲ್ಲಿ ಆ ತೀರ್ಪು ತಪ್ಪು. ಯಂತ್ರ ಸತ್ತಿಲ್ಲ, ತನ್ನ ಸ್ಮೃತಿಯನ್ನು ತಾನೇ ನಂಬಲಾರದೆ ಮುಂದಡಿಯಿಡದೆ ನಿಂತಿದೆ.

ಹೀಗೆ ನಿಲ್ಲುವುದಕ್ಕೆ ಕಾರಣವುಂಟು. 1968ರಲ್ಲಿ ಐಬಿಎಂ ಸಂಸ್ಥೆಯ ರಾಬರ್ಟ್ ಡೆನಾರ್ಡ್ ಪೇಟೆಂಟ್ ಪಡೆದ ವಿನ್ಯಾಸದಂತೆ, ರ‍್ಯಾಮ್ ಎಂಬ ಈ ಮೆಮೊರಿಯ ಒಂದೊಂದು ಕೋಶವೂ ಒಂದು ಟ್ರಾನ್ಸಿಸ್ಟರ್ ಮತ್ತು ಒಂದು ಕೆಪಾಸಿಟರ್‌ಗಳ ಜೋಡಿ. ಕೆಪಾಸಿಟರಿನ ವಿದ್ಯುದಂಶ ಸದಾ ಸೋರಿಹೋಗುತ್ತಿರುವುದರಿಂದ ಸಾಮಾನ್ಯವಾಗಿ 64 ಮಿಲಿಸೆಕೆಂಡುಗಳೊಳಗೆ ಪ್ರತಿಯೊಂದನ್ನೂ ಮರಳಿ ತುಂಬಬೇಕು. ಎಂಟು ಗಿಗಾಬೈಟಿನ ಒಂದು ರ‍್ಯಾಮ್ ಪಟ್ಟಿಯಲ್ಲಿ ಇಂತಹ ಕೋಶಗಳು 6,800 ಕೋಟಿಗೂ ಅಧಿಕ. ಆದುದರಿಂದಲೇ ಕಂಪ್ಯೂಟರು ವಿಂಡೋಸನ್ನು ಕರೆಯುವುದಕ್ಕೆ ಮೊದಲು ಪೋಸ್ಟ್ ಎಂಬ ಸ್ವಯಂಪರೀಕ್ಷೆಯನ್ನು ನಡೆಸುತ್ತದೆ. ಪಟ್ಟಿಯ ಮೇಲಿರುವ ಪುಟ್ಟ ಚಿಪ್ಪಿನಿಂದ ಅದರ ಗಾತ್ರವೇಗಗಳನ್ನು ಓದಿ, ತನಗೆ ಹೊಂದುವುದೇ ಎಂದು ನೋಡುತ್ತದೆ. ಹೊಂದದಿದ್ದರೆ ಅದರ ಭಾಷೆ ಬೀಪ್ ಶಬ್ದ ಅಥವಾ ಬೋರ್ಡಿನ ಮೇಲಿನ ಕಿರುದೀಪ. ಎಷ್ಟು ಬೀಪಿಗೆ ಏನರ್ಥವೆಂಬುದು ಈ ಪರೀಕ್ಷೆಯನ್ನು ನಡೆಸುವ ಬಯಾಸ್ ತಂತ್ರಾಂಶದ ತಯಾರಕರಿಂದ ತಯಾರಕರಿಗೆ ಬೇರೆಯಾದುದರಿಂದ, ಊಹೆಗಿಂತ ಆಯಾ ಮದರ್‌ಬೋರ್ಡಿನ ಕೈಪಿಡಿಯೇ ಪ್ರಮಾಣ.

ನಮ್ಮ ತರ್ಕಶಾಸ್ತ್ರಜ್ಞರು ಕಾರಣವನ್ನು ನಿರ್ಣಯಿಸಲು ಅನ್ವಯ-ವ್ಯತಿರೇಕಗಳೆಂಬ ಕ್ರಮವನ್ನು ಹೇಳಿದ್ದಾರೆ: ಇದಿದ್ದಾಗ ಅದುಂಟು, ಇದಿಲ್ಲದಾಗ ಅದಿಲ್ಲ. ಬಯಲುಸೀಮೆಯ ಬೋರ್‌ವೆಲ್ ಮೋಟಾರು ನಿಂತಾಗ, ನುರಿತ ಮೆಕ್ಯಾನಿಕ್ಕು ಒಮ್ಮೆಗೇ ಪೈಪುಗಳನ್ನೆತ್ತದೆ, ಫ್ಯೂಸು, ಸ್ಟಾರ್ಟರು, ಕೇಬಲ್ಲುಗಳನ್ನು ಒಂದೊಂದಾಗಿ ಪರಿಶೀಲಿಸುವುದೂ ಇದೇ ನ್ಯಾಯ. ಇಲ್ಲಿಯೂ ಒಮ್ಮೆಗೆ ಒಂದೇ ಬದಲಾವಣೆ. ಹೊಸ ಪಟ್ಟಿಯನ್ನು ತೆಗೆದು ಹಳೆಯದೊಂದನ್ನೇ ಬಿಟ್ಟು ನೋಡತಕ್ಕದ್ದು. ಡಿಸ್‌ಪ್ಲೇ ಬಂದರೆ ಬೋರ್ಡು ಜೀವಂತವೆಂಬುದು ನಿಶ್ಚಿತ. ತರುವಾಯ ಅದೇ ಸ್ಲಾಟಿನಲ್ಲಿ ಹೊಸದೊಂದನ್ನೇ ಕೂರಿಸತಕ್ಕದ್ದು. ಅದೂ ನಡೆದರೆ ದೋಷ ಇರುವುದು ಇನ್ನೊಂದು ಸ್ಲಾಟಿನಲ್ಲಿ ಅಥವಾ ಇವೆರಡರ ಸಹವಾಸದಲ್ಲಿ. ಒಂಟಿಯಾಗಿ ಎರಡೂ ನಡೆದು ಜೊತೆಯಾಗಿ ನಡೆಯದ ಪಟ್ಟಿಗಳು ವಿರಳವಲ್ಲ. ಕೊಳ್ಳುವಾಗ ಗಾತ್ರವೊಂದನ್ನೇ ನೋಡಿ ವೇಗವನ್ನೂ ಜಾತಿಯನ್ನೂ ನೋಡದಿದ್ದುದರ ಫಲವದು.

ಕೂರಿಸುವ ಕೈಗೂ ಎಚ್ಚರ ಬೇಕು. ಯಂತ್ರವನ್ನಾರಿಸಿ, ಪ್ಲಗ್ಗನ್ನು ಕಿತ್ತು, ಪವರ್ ಗುಂಡಿಯನ್ನು ಕೆಲಕಾಲ ಒತ್ತಿಹಿಡಿದು ಉಳಿದ ವಿದ್ಯುತ್ತನ್ನು ಹರಿಯಬಿಡಬೇಕು; ಒಣಹವೆಯ ಮಾಘ-ಫಾಲ್ಗುಣಗಳಲ್ಲಿ ಬೆರಳಿಗೆ ಚುರುಕೆನ್ನುವ ಸ್ಥಿರವಿದ್ಯುತ್ತು ಸುಮಾರು 3,000 ವೋಲ್ಟ್‌ಗಳಷ್ಟಿರುವುದರಿಂದ, ಚಿಪ್ಪನ್ನು ಮುಟ್ಟುವ ಮುನ್ನ ಪೆಟ್ಟಿಗೆಯ ಬರಿಯ ಲೋಹವನ್ನು ಮುಟ್ಟುವುದು ಕ್ಷೇಮಕರ. ಡೆಸ್ಕ್‌ಟಾಪ್ ರ‍್ಯಾಮಿನ ಜಾತಿಗಳಲ್ಲಿ ಡಿಡಿಆರ್3ಕ್ಕೆ 240 ಪಿನ್ನುಗಳು, ಡಿಡಿಆರ್4ಕ್ಕೆ 288. ಡಿಡಿಆರ್5ಕ್ಕೂ 288 ಇದ್ದರೂ ಅಂಚಿನ ಸೀಳು ಬೇರೆಡೆ ಇರುವುದರಿಂದ ಒಂದರ ಸ್ಥಾನದಲ್ಲಿ ಮತ್ತೊಂದು ಕೂರದು, ಒತ್ತಿ ಕೂರಿಸಲೂ ಬಾರದು. ಸೀಳು ಸರಿಯಾಗಿ ಎದುರಾದ ಮೇಲೆ ಎರಡು ತುದಿಗಳನ್ನೂ ಸಮನಾಗಿ ಒತ್ತಿದರೆ ಕ್ಲಿಪ್ಪು ತಾನಾಗಿಯೇ ಟಕ್ಕೆಂದು ಹಿಡಿದುಕೊಳ್ಳುತ್ತದೆ. ಆ ಶಬ್ದ ಕೇಳದಿದ್ದರೆ ಪಟ್ಟಿ ಅರ್ಧವೇ ಕುಳಿತಿದೆಯೆಂದು ತಿಳಿಯಬಹುದು. ಬಳಸಿದ ಪಟ್ಟಿಯ ಹೊಂಬಣ್ಣದ ಕಾಲುಗಳು ಮಾಸಿದ್ದರೆ ಮೃದುವಾದ ರಬ್ಬರಿನಿಂದ ಹಗುರವಾಗಿ ಉಜ್ಜಿ ಪುಡಿಯನ್ನು ಪೂರ್ತಿ ಒರಸುವುದು ನಮ್ಮ ರಿಪೇರಿಯವರ ವಾಡಿಕೆ; ಇಷ್ಟರಿಂದಲೇ ಎಷ್ಟೋ ಯಂತ್ರಗಳು ಎದ್ದು ಕುಳಿತಿವೆ.

ಡಿಸ್‌ಪ್ಲೇ ಬಂದ ಮೇಲೂ ತೊಡಕು ಉಳಿಯುವುದುಂಟು. ಅದು ಯಾವ ಹಂತದಲ್ಲಿ ತಲೆದೋರಿತೆಂಬುದೇ ಕಾರಣದ ಸುಳಿವು. ಮೆಮೊರಿಯ ಗಾತ್ರ ಬದಲಾಗಿದೆಯೆಂದು ಸೂಚಿಸಿ ಗುಂಡಿಯೊತ್ತಲು ಕೇಳಿದರೆ ಅದು ದೋಷವಲ್ಲ, ಬಯಾಸ್‌ಗೆ ಹೋಗಿ ಉಳಿಸಿ ಹೊರಬಂದರೆ ಸಾಕು. ಬೂಟ್ ಡಿವೈಸ್ ಸಿಗಲಿಲ್ಲವೆಂದರೆ ರ‍್ಯಾಮನ್ನು ದೂಷಿಸುವುದಕ್ಕೆ ಮೊದಲು, ಇಕ್ಕಟ್ಟಾದ ಪೆಟ್ಟಿಗೆಯೊಳಗೆ ಕೈಯಾಡಿಸಿದಾಗ ಹಾರ್ಡ್‌ಡಿಸ್ಕಿನ ಕೇಬಲ್ಲು ಸಡಿಲಗೊಂಡಿದೆಯೇ ಎಂದು ನೋಡಬೇಕು. ವಿಂಡೋಸ್ ತೆರೆದು ನೀಲಿ ಪರದೆ ತೋರಿದರೆ ವಿಂಡೋಸಿನೊಳಗೇ ಇರುವ ಮೆಮೊರಿ ಡಯಾಗ್ನೋಸ್ಟಿಕ್ ಅಥವಾ ಮೆಮ್‌ಟೆಸ್ಟ್86 ಎಂಬ ಪರೀಕ್ಷೆಯನ್ನು ಒಂದು ರಾತ್ರಿ ಓಡಿಸತಕ್ಕದ್ದು. ಎಂಟು ಗಿಗಾಬೈಟ್ ಹಾಕಿಯೂ ನಾಲ್ಕರೊಳಗೇ ಬಳಕೆಗೆ ಬಂದರೆ ವಿಂಡೋಸು 32 ಬಿಟ್ಟಿನದಿರುವ ಸಂಭವ ಹೆಚ್ಚು. ಹೊಸ ಡಿಡಿಆರ್5 ಯಂತ್ರಗಳಾದರೋ ಮೊದಲ ಬಾರಿ ಮೆಮೊರಿಯನ್ನು ಹೊಂದಿಸಿಕೊಳ್ಳಲು ಕೆಲವು ನಿಮಿಷ ಕಪ್ಪು ಪರದೆಯಲ್ಲೇ ಇರುವುದುಂಟು. ಆಗ ಅವಸರಪಟ್ಟು ಆರಿಸಬಾರದು. ಇದಾವುದಕ್ಕೂ ಮಣಿಯದಿದ್ದಲ್ಲಿ, ಬೋರ್ಡಿನ ನಾಣ್ಯದಂತಹ 3 ವೋಲ್ಟಿನ ಬ್ಯಾಟರಿಯನ್ನು ತೆಗೆದಿಟ್ಟು ಬಯಾಸ್ ಹೊಂದಾಣಿಕೆಗಳನ್ನು ಅಳಿಸುವುದು ಕೊನೆಯ ಉಪಾಯ.

ಈ ವಿದ್ಯೆ ನಗರದ ಸರ್ವಿಸ್ ಸೆಂಟರುಗಳ ಸ್ವತ್ತಾಗಿಯೇ ಉಳಿಯಬಾರದು. ಗೊರವನಹಳ್ಳಿಯಂತಹ ಊರಿನಲ್ಲಿ ಸಿಪಿಯು ಪೆಟ್ಟಿಗೆಯನ್ನು ಬಸ್ಸಿನಲ್ಲಿ ಹೊತ್ತು ತುಮಕೂರಿಗೆ ಹೋಗಿ, ಮೂರು ದಿನ ಕಾದು, ಸಡಿಲ ಪಟ್ಟಿಯೊಂದನ್ನು ಬಿಗಿಗೊಳಿಸಿದ್ದಕ್ಕೆ ಹಣ ತೆತ್ತು ಬರುವುದೆಂದರೆ, ಅಷ್ಟು ದಿನವೂ ಊರಿನ ಅರ್ಜಿಗಳು ನಿಂತಂತೆಯೇ. ಕೊಂಡ ರ‍್ಯಾಮಿನ ಜಾತಿ, ವೇಗ, ಕೂರಿಸಿದ ಸ್ಲಾಟು, ಕೇಳಿಬಂದ ಬೀಪು ಇವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವ, ಹೊಸದು ಸ್ಥಿರವಾಗಿ ನಡೆಯುವವರೆಗೆ ಹಳೆಯದನ್ನು ಮಾರದಿರುವ ಅಭ್ಯಾಸ ಪ್ರತಿ ಅಂಗಡಿಗೂ ಬರಲಿ. ನಮ್ಮ ಪ್ರೌಢಶಾಲೆಗಳೂ ಐಟಿಐಗಳೂ ಮಕ್ಕಳ ಕೈಗೆ ಒಂದು ಹಳೆಯ ಮದರ್‌ಬೋರ್ಡನ್ನಿತ್ತು ಇದನ್ನು ಕಲಿಸಲಿ. ಒಮ್ಮೆಗೆ ಒಂದನ್ನೇ ಬದಲಿಸಿ, ಕಂಡುದನ್ನು ಕಂಡಂತೆಯೇ ಗುರುತಿಸಿ, ಅನಂತರವಷ್ಟೇ ತೀರ್ಮಾನಕ್ಕೆ ಬರುವ ಸಂಯಮವನ್ನು ಕಲಿತ ಹುಡುಗನಿಗೆ ಕಂಪ್ಯೂಟರಷ್ಟೇ ಅಲ್ಲ, ಬೇರೆ ಯಾವ ಯಂತ್ರವೂ ಅಭೇದ್ಯವೆನಿಸದು.