ಕ್ಯಾನ್ಸರ್ ಚಿಕಿತ್ಸೆ ಪಡೆದವರಲ್ಲಿ ಬೆನ್ನುಮೂಳೆಯ ಗಡ್ಡೆ: ರೋಗಪತ್ತೆ ಕುರಿತು ಸಾರ್ವಜನಿಕರಿಗೆ ಮಾಹಿತಿ

ಈ ಹಿಂದೆ ಕ್ಯಾನ್ಸರ್ ರೋಗಕ್ಕೆ ಚಿಕಿತ್ಸೆ ಪಡೆದವರಲ್ಲಿ ಹೊಸದಾಗಿ ಕಾಣಿಸಿಕೊಳ್ಳುವ ಬೆನ್ನುನೋವನ್ನು ಸಾಮಾನ್ಯ ನೋವೆಂದು ಪರಿಗಣಿಸತಕ್ಕದ್ದಲ್ಲ. ಸ್ತನ, ಶ್ವಾಸಕೋಶ, ಪ್ರಾಸ್ಟೇಟ್, ಮೂತ್ರಪಿಂಡ ಹಾಗೂ ಥೈರಾಯ್ಡ್ ಕ್ಯಾನ್ಸರ್‌ಗಳು ಬೆನ್ನುಮೂಳೆಗೆ ಹರಡುವ ಸಾಧ್ಯತೆ ಇರುತ್ತದೆ. ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿದು 10 ವರ್ಷ ಕಳೆದ ನಂತರವೂ ಹೀಗಾಗುವುದುಂಟು. ಗಡ್ಡೆಯು ಬೆಳೆದು ಬೆನ್ನುಹುರಿಯನ್ನು ಒತ್ತಿದಲ್ಲಿ ಕಾಲುಗಳು ಸ್ವಾಧೀನ ಕಳೆದುಕೊಳ್ಳುತ್ತವೆ. ಚಿಕಿತ್ಸೆ ಆರಂಭವಾಗುವ ವೇಳೆಗೆ ನಡೆಯಬಲ್ಲವರಾಗಿದ್ದ ರೋಗಿಗಳಲ್ಲಿ ಹೆಚ್ಚಿನವರು ಮುಂದೆಯೂ ನಡೆಯುತ್ತಾರೆ. ನಡಿಗೆ ಪೂರ್ಣವಾಗಿ ನಿಂತ ಮೇಲೆ ಬಂದವರಲ್ಲಿ ಅದನ್ನು ಮರಳಿ ಪಡೆಯುವವರು ಕೆಲವರು ಮಾತ್ರ.

ಮಲಗಿದಾಗ ಹೆಚ್ಚಾಗುವ, ರಾತ್ರಿ ನಿದ್ರೆಗೆಡಿಸುವ, ಕೆಮ್ಮಿದಾಗ ತೀವ್ರವಾಗುವ ಅಥವಾ ಎದೆಯ ಸುತ್ತ ಪಟ್ಟಿ ಬಿಗಿದಂತೆ ಭಾಸವಾಗುವ ನೋವು ಇದ್ದಲ್ಲಿ ವೈದ್ಯರನ್ನು ಕೂಡಲೇ ಕಾಣುವುದು. ರೋಗ ವಾಸಿಯಾಗಿದೆ ಎಂಬ ನಂಬಿಕೆಯಿಂದಲೋ ಸಂಕೋಚದಿಂದಲೋ ಹಳೆಯ ಕ್ಯಾನ್ಸರ್ ವಿಷಯವನ್ನು ವೈದ್ಯರಿಗೆ ತಿಳಿಸದೆ ಇರುವವರುಂಟು. ಆ ಒಂದು ಮಾತಿನಿಂದಲೇ ತಪಾಸಣೆಯ ದಿಕ್ಕು ಬದಲಾಗುವುದರಿಂದ ಅದನ್ನು ಮೊದಲು ಹೇಳತಕ್ಕದ್ದು. ರೋಗಪತ್ತೆಯಾಗುವವರೆಗೆ ಬೆನ್ನಿಗೆ ಮಾಲೀಸು ಮಾಡಿಸುವುದಾಗಲಿ, ಮೂಳೆ ಎಳೆಸುವುದಾಗಲಿ ಕೂಡದು.

ಎಕ್ಸ್-ರೇ ವರದಿ ಸರಿಯಿದೆ ಎಂದಮಾತ್ರಕ್ಕೆ ಗಡ್ಡೆ ಇಲ್ಲವೆಂದು ಅರ್ಥವಲ್ಲ. ಮೂಳೆಯ ಖನಿಜಾಂಶವು ಸುಮಾರು ಶೇ. 30 ರಿಂದ 50 ರಷ್ಟು ನಷ್ಟವಾಗುವವರೆಗೂ ಎಕ್ಸ್-ರೇಯಲ್ಲಿ ಬದಲಾವಣೆ ಸ್ಪಷ್ಟವಾಗಿ ಕಾಣದು. ಈ ಕಾರಣ ಎಂ.ಆರ್.ಐ. ಸ್ಕ್ಯಾನ್ ಅವಶ್ಯಕ. ಗಡ್ಡೆಗಳು ಒಂದಕ್ಕಿಂತ ಹೆಚ್ಚು ಕಡೆ ಇರಬಹುದಾದುದರಿಂದ ನೋವಿರುವ ಭಾಗವನ್ನಷ್ಟೇ ಅಲ್ಲದೆ ಇಡೀ ಬೆನ್ನುಮೂಳೆಯನ್ನು ಪರೀಕ್ಷಿಸಲಾಗುತ್ತದೆ. ಪೇಸ್‌ಮೇಕರ್ ಅಳವಡಿಸಿಕೊಂಡವರು ಅದನ್ನು ಮುಂಚಿತವಾಗಿ ತಿಳಿಸತಕ್ಕದ್ದು, ಎಂ.ಆರ್.ಐ. ಸಾಧ್ಯವಿಲ್ಲದಿದ್ದಲ್ಲಿ ಸಿ.ಟಿ. ಸ್ಕ್ಯಾನ್ ಮಾಡಲಾಗುವುದು.

ಸ್ಕ್ಯಾನ್‌ನಲ್ಲಿ ಕಂಡದ್ದೆಲ್ಲ ಕ್ಯಾನ್ಸರ್ ಆಗಿರಬೇಕೆಂದಿಲ್ಲ. ನಮ್ಮ ದೇಶದಲ್ಲಿ ಬೆನ್ನುಮೂಳೆಯ ಕ್ಷಯರೋಗವೂ ಸಾಕಷ್ಟು ಕಂಡುಬರುತ್ತದೆ. ಕ್ಷಯವು ಸಾಮಾನ್ಯವಾಗಿ ಎರಡು ಕಶೇರುಕಗಳ ನಡುವಿನ ಡಿಸ್ಕನ್ನೂ ಹಾಳುಮಾಡುತ್ತದೆ, ಕ್ಯಾನ್ಸರ್ ಗಡ್ಡೆಯು ಬಹುಪಾಲು ಡಿಸ್ಕನ್ನು ಬಿಟ್ಟಿರುತ್ತದೆ. ಆದರೂ ಸಂದೇಹವಿದ್ದಲ್ಲಿ ಸೂಜಿಯಿಂದ ಅಲ್ಪ ಅಂಗಾಂಶ ತೆಗೆದು ಬಯಾಪ್ಸಿ ಪರೀಕ್ಷೆಗೆ ಒಳಪಡಿಸಲಾಗುತ್ತದೆ. ಬಯಾಪ್ಸಿಯಿಂದ ಕ್ಯಾನ್ಸರ್ ಹರಡುತ್ತದೆ ಎಂಬ ಭಯದಿಂದ ಇದನ್ನು ನಿರಾಕರಿಸುವುದು ಸರಿಯಲ್ಲ. ಎರಡು ರೋಗಗಳ ಔಷಧಿಗಳೇ ಬೇರೆ.

ತಪಾಸಣೆಗೆ ಬರುವಾಗ ಹಿಂದಿನ ಬಿಡುಗಡೆ ಸಾರಾಂಶ, ಬಯಾಪ್ಸಿ ವರದಿ, ವಿಕಿರಣ ಚಿಕಿತ್ಸೆಯ ವಿವರ ಹಾಗೂ ಹಳೆಯ ಸ್ಕ್ಯಾನ್‌ಗಳನ್ನು ತರತಕ್ಕದ್ದು. ಆಯುಷ್ಮಾನ್ ಭಾರತ್ ಪ್ರಧಾನ ಮಂತ್ರಿ ಜನ ಆರೋಗ್ಯ - ಮುಖ್ಯಮಂತ್ರಿ ಆರೋಗ್ಯ ಕರ್ನಾಟಕ ಯೋಜನೆಯ ಸೌಲಭ್ಯ ಕೋರುವವರು ಪಡಿತರ ಚೀಟಿ, ಆಧಾರ್ ಕಾರ್ಡ್ ಹಾಗೂ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವನ್ನು ಹೊಂದಿರಬೇಕು. ದಾಖಲೆ ಸಿಗದಿದ್ದರೂ ತಪಾಸಣೆಯನ್ನು ಮುಂದೂಡಬಾರದು.

ಕಾಲುಗಳಲ್ಲಿ ಬಲಹೀನತೆ, ಜೋಮು, ನಡೆಯುವಾಗ ತೂರಾಟ ಅಥವಾ ಮಲಮೂತ್ರದ ಮೇಲಿನ ಹಿಡಿತ ತಪ್ಪುವುದು ಕಂಡುಬಂದಲ್ಲಿ ಅದು ತುರ್ತು ಪರಿಸ್ಥಿತಿ. ಅಂತಹವರು ಹೊರರೋಗಿ ವಿಭಾಗದ ಸರದಿಗಾಗಿ ಕಾಯದೆ 108 ಆಂಬ್ಯುಲೆನ್ಸ್ ಮೂಲಕ ಅದೇ ದಿನ ಎಂ.ಆರ್.ಐ. ಸೌಲಭ್ಯವುಳ್ಳ ಆಸ್ಪತ್ರೆಯನ್ನು ತಲುಪತಕ್ಕದ್ದು. ಸ್ಕ್ಯಾನ್ 24 ಗಂಟೆಗಳ ಒಳಗೆ ಆಗಬೇಕು.