ಹೊಸ ಕಾರಿನ ಧೂಳು: ಮೊದಲು ನೀರು, ಆಮೇಲೆ ಬಟ್ಟೆ

ಹಿಂದೂಪುರದ ಸಮೀಪದ ಪೆನುಕೊಂಡದಲ್ಲಿ 2019ರಿಂದ ಕಿಯಾ ಕಾರುಗಳು ತಯಾರಾಗುತ್ತಿವೆ. ನಮ್ಮ ಪೋಷಕರಲ್ಲಿ ಕೆಲವರೂ ಸಾಲ ಮಾಡಿ ಹೊಸ ಕಾರು ಕೊಂಡಿದ್ದಾರೆ. ಆದರೆ ಹಿಂದೂಪುರ, ಕಲ್ಯಾಣದುರ್ಗಗಳಂತಹ ಮಳೆ ಕಡಿಮೆಯಾದ ಊರುಗಳಲ್ಲಿ ಕಾರಿನ ಮೇಲೆ ಧೂಳು ಬೇಗ ಕೂರುತ್ತದೆ. ಅದನ್ನು ಒಣಬಟ್ಟೆಯಿಂದ ಒರೆಸುವುದು ಮರಳುಕಾಗದದಿಂದ ಉಜ್ಜಿದಂತೆ.

ಕಾರಣ ಸರಳ. ಮರಳಿನ ಕಣಗಳಲ್ಲಿರುವ ಬೆಣಚುಕಲ್ಲಿನ ಗಡಸುತನ ಮೋಸ್ ಮಾಪಕದಲ್ಲಿ 7. ಉಕ್ಕನ್ನೂ ಅದು ಗೀಚಬಲ್ಲದು. ಬಣ್ಣವನ್ನು ಕಾಯುವ ಪಾರದರ್ಶಕ ಲೇಪವಾದರೋ ಸಾಮಾನ್ಯವಾಗಿ ತಲೆಗೂದಲಿಗಿಂತ ತೆಳು.

ಆದ್ದರಿಂದ ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ಬಿಸಿ ಆರಿದ ಮೇಲೆ ಮಾಡಿನಿಂದ ಕೆಳಕ್ಕೆ ನೀರು ಸುರಿದು ಧೂಳನ್ನು ಹರಿಯಬಿಡಬೇಕು. ಬಳಿಕ ಎರಡು ಬಕೆಟ್ ಇಟ್ಟುಕೊಳ್ಳಿರಿ: ಒಂದರಲ್ಲಿ ಕಾರ್ ಶಾಂಪೂ ಬೆರೆಸಿದ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಶುದ್ಧ ನೀರು. ಮೈಕ್ರೋಫೈಬರ್ ಬಟ್ಟೆಯಿಂದ ಒತ್ತದೆ, ಮೇಲಿನಿಂದ ಕೆಳಕ್ಕೆ ಒರೆಸಬೇಕು. ಚಕ್ರಗಳಿಗೆ ಬೇರೆ ಬಟ್ಟೆ. ನೆಲಕ್ಕೆ ಬಿದ್ದ ಬಟ್ಟೆಯನ್ನು ಮತ್ತೆ ಬಳಸಬಾರದು. ಒಣಗಿದ ಹಕ್ಕಿಹಿಕ್ಕೆಯನ್ನು ಕೆರೆಯದೆ, ಒದ್ದೆ ಬಟ್ಟೆ ಹಾಸಿ ನೆನೆಸಿ ಮೆಲ್ಲನೆ ಎತ್ತಬೇಕು. ಕೊಳವೆಬಾವಿಯ ಗಡಸುನೀರು ಆರಿದರೆ ಬಿಳಿ ಕಲೆ ಉಳಿಯುವುದರಿಂದ ಕೂಡಲೇ ಒಣಗಿಸಬೇಕು.

ಗಟ್ಟಿಯಾದುದು ಮೆದುವಾದುದನ್ನು ಗೀಚುತ್ತದೆ ಎಂಬ ವಿಜ್ಞಾನದ ಪಾಠವಿದು. ಕಾರು ತೊಳೆಯುವಾಗ ಮಕ್ಕಳನ್ನು ಜೊತೆಗೆ ಕರೆದು, ಕನ್ನಡದಲ್ಲಿಯೇ ಇದನ್ನು ವಿವರಿಸಬೇಕೆಂಬುದು ನಮ್ಮ ವಿನಂತಿ.